ಸ್ಟ್ರೇಟ್ನಿಂಗ್ ನಿಲ್ಲಿಸಿದ ಮೇಲೆ ಏನಾಗುತ್ತದೆ ಅಂತ ಮೊದಲೇ ಹೇಳಿ

ಕೂದಲು ಸ್ಟ್ರೇಟ್ ಮಾಡಿಸೋದು ಬಿಟ್ಟು ನನ್ನ ಗುಂಗುರು ಕೂದಲಿಗೆ ಮರಳಿದ ಮೇಲೆ ಪದೇ ಪದೇ ಬರುವ ಪ್ರಶ್ನೆ ಒಂದೇ. “ಅಕ್ಕಾ, ಸ್ಟ್ರೇಟ್ ಆಗಿರೋ ಕೂದಲು ಮತ್ತೆ ಗುಂಗುರಾಗೋಕೆ ಏನು ಹಚ್ಚಬೇಕು?”

ಏನು ಹಚ್ಚಿದರೂ ಆಗುವುದಿಲ್ಲ. ಕೆಮಿಕಲ್ ತಾಗಿದ ಕೂದಲು ಹಾಗೇ ಇರುತ್ತದೆ. ಬುಡದಿಂದ ಹೊಸ ಕೂದಲು ಬರಬೇಕು, ಹಳೆಯದನ್ನು ಕತ್ತರಿಸಿ ತೆಗೆಯಬೇಕು, ಬೇರೆ ದಾರಿಯಿಲ್ಲ. ಈ ಮಾತನ್ನು ಮೊದಲ ಸಲ ತಲೆಗೆ ಕ್ರೀಂ ಹಚ್ಚುವ ಮುಂಚೆಯೇ ಪ್ರತಿಯೊಬ್ಬ ಹುಡುಗಿಗೂ ಹೇಳಬೇಕು ಅನ್ನೋದು ನನ್ನ ವಾದ. ಪಾರ್ಲರ್‌ನಲ್ಲಿ ಟಚ್‌ಅಪ್‌ಗೆ ಯಾವಾಗ ಬರಬೇಕು ಅಂತ ತಪ್ಪದೆ ಹೇಳುತ್ತಾರೆ. ನಿಲ್ಲಿಸಬೇಕು ಅನಿಸಿದ ದಿನ ತಲೆಯ ಗತಿ ಏನು ಅಂತ ನನಗಂತೂ ಯಾರೂ ಹೇಳಲಿಲ್ಲ.

ಯಾಕೆ ವಾಪಸ್ ಬರುವುದಿಲ್ಲ ಅನ್ನುವುದನ್ನು ತಿಳಿದುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ಕೂದಲು ಕೆರಾಟಿನ್ ಅನ್ನುವ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಗಂಧಕದ ಬಂಧಗಳು. ರಿಲ್ಯಾಕ್ಸರ್ ಅನ್ನುವ ಬಗೆಯ ಸ್ಟ್ರೇಟ್ನಿಂಗ್ ಕ್ರೀಂನಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಇಂಗ್ಲಿಷಿನಲ್ಲಿ ‘ಲೈ’. ‘ನೋ ಲೈ’ ಅಂತ ಮಾರುವ ಹಲವು ಡಬ್ಬಿಗಳಲ್ಲಿ ಗ್ವಾನಿಡಿನ್ ಹೈಡ್ರಾಕ್ಸೈಡ್ ಇರುತ್ತದೆ. ಅದೂ ಪ್ರಬಲ ಕ್ಷಾರವೇ, ನೆತ್ತಿ ಅದರಿಂದಲೂ ಸುಡುತ್ತದೆ. ಈ ಕ್ಷಾರ ಗಂಧಕದ ಬಂಧವನ್ನು ಮುರಿದು ಅದರ ಜಾಗದಲ್ಲಿ ಬೇರೊಂದು ಬಂಧ ಕೂರಿಸುತ್ತದೆ, ನಡುವೆ ಒಂದು ಗಂಧಕದ ಪರಮಾಣು ಹೋಗಿಯೇ ಬಿಡುತ್ತದೆ. ಅದನ್ನು ಮರಳಿ ತರುವ ಎಣ್ಣೆಯಿಲ್ಲ, ಸೀರಮ್ ಇಲ್ಲ.

ನಾನು ಮಾಡಿಸುತ್ತಿದ್ದದ್ದು ಇನ್ನೊಂದು ಬಗೆಯದು, ಥಯೋಗ್ಲೈಕೊಲೇಟ್ ಕ್ರೀಂ. ಅದು ಬಂಧ ಬಿಚ್ಚುತ್ತದೆ, ಕೂದಲನ್ನು ಐರನ್ ಹಾಕಿ ನೇರ ಮಾಡುತ್ತಾರೆ, ಆಮೇಲೆ ನ್ಯೂಟ್ರಲೈಸರ್ ಹಾಕಿ ಅದೇ ನೇರ ಸ್ಥಿತಿಯಲ್ಲಿ ಮತ್ತೆ ಬಿಗಿಯುತ್ತಾರೆ. ದಾರಿ ಬೇರೆ, ಕೊನೆ ಒಂದೇ. (ಒಂದು ಎಚ್ಚರಿಕೆ: ಈ ಎರಡು ಬಗೆಯನ್ನು ಒಂದೇ ಕೂದಲಿನ ಮೇಲೆ ಬಳಸಬಾರದು, ಕೂದಲು ತುಂಡು ತುಂಡಾಗಿ ಬರುತ್ತದೆ. ಮೊದಲು ಏನು ಮಾಡಿಸಿದ್ದೀರಿ ಅಂತ ಕೇಳದೆ ಕ್ರೀಂ ಕಲಸುವ ಕಡೆ ಕೂರಲೇಬೇಡಿ.)

ಆದರೆ ಕೂದಲು ಗುಂಗುರಾಗಬೇಕೋ ನೇರವಾಗಬೇಕೋ ಅನ್ನುವುದು ನಿರ್ಧಾರವಾಗುವುದು ಚರ್ಮದ ಒಳಗೆ, ಕೂದಲು ಹುಟ್ಟುವ ಪುಟ್ಟ ಚೀಲದ (ಫಾಲಿಕಲ್) ಆಕಾರದಿಂದ. ಹೊರಗಿನ ಕೂದಲನ್ನು ಬದಲಿಸುವ ಕ್ರೀಂ ಆ ಆಕಾರವನ್ನು ಬದಲಿಸುವುದಿಲ್ಲ. ಹಾಗಾಗಿ ನೆತ್ತಿ ಸುಟ್ಟು ಗಾಯದ ಕಲೆಯಾಗಿಲ್ಲದಿದ್ದರೆ, ಹೊಸದಾಗಿ ಬರುವ ಕೂದಲು ನಿಮ್ಮದೇ ಗುಂಗುರು. ವರ್ಷಗಟ್ಟಲೆ ಸ್ಟ್ರೇಟ್ ಮಾಡಿಸಿದವರಿಗೂ ಅಷ್ಟೇ. ಇದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಕಷ್ಟ ಇರುವುದು ಮಧ್ಯದ ತಿಂಗಳುಗಳಲ್ಲಿ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ 1 ಸೆಂಟಿಮೀಟರ್. ಗುಂಗುರು ಕೂದಲು ಸುತ್ತಿಕೊಳ್ಳುವುದರಿಂದ ಅಷ್ಟೂ ಬೆಳೆದಂತೆ ಕಾಣುವುದಿಲ್ಲ. ಒಂದು ಕೂದಲನ್ನು ಬುಡದಿಂದ ಬೆರಳಿನ ನಡುವೆ ಹಿಡಿದು ಎಳೆಯುತ್ತಾ ಹೋಗಿ ನೋಡಿ. ಮೊದಲು ದಪ್ಪಗೆ, ಏರಿಳಿತದೊಂದಿಗೆ, ಸ್ವಲ್ಪ ಒರಟಾಗಿ ಸಿಗುತ್ತದೆ. ಆಮೇಲೆ ಒಂದು ಕಡೆ ಥಟ್ಟನೆ ನುಣುಪಾಗಿ, ಜೀವವೇ ಇಲ್ಲದಂತೆ ತೆಳ್ಳಗಾಗುತ್ತದೆ. ಹೊಸ ಕೂದಲೂ ಹಳೆ ಕೂದಲೂ ಸೇರುವ ಜಾಗ ಅದೇ, ಇಡೀ ತಲೆಯಲ್ಲಿ ಅತಿ ದುರ್ಬಲವಾದ ಜಾಗವೂ ಅದೇ. ಅವಸರದಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಎಳೆದರೆ ಅಲ್ಲೇ ಪಟ್ ಅಂತ ತುಂಡಾಗುತ್ತದೆ. ಸಿಂಕಿನಲ್ಲಿ ಬಿದ್ದ ತುಂಡುಗಳನ್ನು ಕಂಡು ಕೂದಲು ಉದುರುತ್ತಿದೆ ಅಂತ ಗಾಬರಿಯಾಗುವವರು ಬಹಳ. ಬುಡದಲ್ಲಿ ಬಿಳಿ ಗಂಟು ಇದ್ದರೆ ಅದು ಉದುರಿದ್ದು, ಇಲ್ಲದಿದ್ದರೆ ಮುರಿದದ್ದು. ಮುರಿಯುವುದಕ್ಕೆ ಔಷಧಿ ಬೇಡ, ತಾಳ್ಮೆ ಬೇಕು. ಕಂಡಿಷನರ್ ಚೆನ್ನಾಗಿ ಹಚ್ಚಿ, ಕೂದಲು ಜಾರುವಾಗ, ಬೆರಳಿನಿಂದಲೋ ಅಗಲ ಹಲ್ಲಿನ ಬಾಚಣಿಗೆಯಿಂದಲೋ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಒಣಗಿದ ಮೇಲೆ ಬಾಚಬೇಡಿ. ಬಿಗಿಯಾಗಿ ಎಳೆದು ಕಟ್ಟಬೇಡಿ.

ಗುಂಗುರು ಕೂದಲು ಒಣಗಿದಂತೆ ಇರುವುದು ನಮ್ಮ ಅಶ್ರದ್ಧೆಯಿಂದಲೂ ಅಲ್ಲ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ, ತಿರುವುಗಳಲ್ಲಿ ಇಳಿಯುವುದಿಲ್ಲ. ಅದಕ್ಕೇ ನಮಗೆ ಶಾಂಪೂ ಕಮ್ಮಿ, ಕಂಡಿಷನರ್ ಜಾಸ್ತಿ. ಉಳಿದ ಉಪಚಾರಗಳ ಬಗ್ಗೆ ನನಗೆ ಅಷ್ಟೇನೂ ನಂಬಿಕೆಯಿಲ್ಲ.

ಈ ಅವಧಿಯಲ್ಲಿ ಕೂದಲಿಗಿಂತ ಜನರ ಮಾತು ಸಹಿಸುವುದೇ ಹೆಚ್ಚು ಕಷ್ಟ. “ಯಾಕೇ, ತಲೆ ಬಾಚ್ಕೊಂಡಿಲ್ವಾ?” “ಹುಷಾರಿಲ್ವಾ?” “ಮೊದಲು ಎಷ್ಟು ನೀಟಾಗಿತ್ತು!” ಹೇಳುವವರೆಲ್ಲ ನಮ್ಮವರೇ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ನೀಟು ಅಂದರೆ ನೇರ ಅಂತ ಯಾರು ತೀರ್ಮಾನ ಮಾಡಿದರು? ತೊಳೆದ, ಸಿಕ್ಕಿಲ್ಲದ, ಆರೋಗ್ಯವಾಗಿರುವ ಗುಂಗುರು ಕೂದಲು ನೀಟಾಗಿಯೇ ಇರುತ್ತದೆ.

ಈ ಹೊರೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರು ಅಮೆರಿಕದ ಕಪ್ಪು ಮಹಿಳೆಯರು. ಅಲ್ಲಿ ತಲೆಮಾರುಗಳ ಕಾಲ ಕೆಲಸ ಸಿಗಬೇಕಾದರೆ, ಶಾಲೆಯಲ್ಲಿ ಬೈಸಿಕೊಳ್ಳದೆ ಇರಬೇಕಾದರೆ ಕೂದಲು ನೇರ ಇರಲಿ ಅನ್ನುವ ಒತ್ತಡ ಇತ್ತು. 1960ರ ದಶಕದಲ್ಲಿ ಆಫ್ರೋ, ಅಂದರೆ ಗುಂಗುರು ಕೂದಲನ್ನು ನೇರ ಮಾಡದೆ ಹಾಗೇ ದುಂಡಗೆ, ಬಿಟ್ಟುಕೊಂಡು ಓಡಾಡುವುದೇ ಒಂದು ರಾಜಕೀಯ ಹೇಳಿಕೆಯಾಗಿತ್ತು. ಹುಟ್ಟಿನಿಂದ ಬಂದ ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದು ಅಂತ ಕ್ಯಾಲಿಫೋರ್ನಿಯಾ ‘ಕ್ರೌನ್ ಆ್ಯಕ್ಟ್’ ತಂದದ್ದು 2019ರಲ್ಲಿ. ಅಷ್ಟು ತಡವಾಗಿ! ಅವರು ಅನುಭವಿಸಿದ್ದಕ್ಕೂ ನನಗೆ ಕೇಳಿಸಿದ ನಾಲ್ಕು ಮಾತಿಗೂ ಹೋಲಿಕೆಯೇ ಇಲ್ಲ. ಆದರೆ ಗುಂಗುರು ಕೂದಲನ್ನು ನೋಡಿಕೊಳ್ಳುವುದು ಹೇಗೆ ಅಂತ ಇವತ್ತು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರು ಒಬ್ಬರಿಗೊಬ್ಬರು ಕಲಿಸಿಕೊಂಡು, ಎಲ್ಲರಿಗೂ ಹಂಚಿದ್ದು. ಆ ಋಣ ನನಗಿದೆ.

ಇನ್ನು ಆರೋಗ್ಯದ ಮಾತು. 2022ರಲ್ಲಿ ಅಮೆರಿಕದ ‘ಸಿಸ್ಟರ್ ಸ್ಟಡಿ’ಯ ಫಲಿತಾಂಶ ಪ್ರಕಟವಾಯಿತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ. ಸ್ಟ್ರೇಟ್ನಿಂಗ್ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ 4.05. ಇದು ನಂಟನ್ನು ತೋರಿಸುತ್ತದೆ, ಇದೇ ಕಾರಣ ಅಂತ ಸಾಬೀತು ಮಾಡುವುದಿಲ್ಲ. ಯಾವ ಬ್ರ್ಯಾಂಡ್, ಯಾವ ರಾಸಾಯನಿಕ ಅನ್ನುವ ವಿವರವನ್ನೂ ಅವರು ಸಂಗ್ರಹಿಸಿರಲಿಲ್ಲ. ಹಾಗಾಗಿ ಒಮ್ಮೆ ಮಾಡಿಸಿದವರು ಹೆದರಿ ನಿದ್ದೆಗೆಡಬೇಕಾಗಿಲ್ಲ. ಆದರೆ ವರ್ಷವರ್ಷವೂ ಮಾಡಿಸುವವರಿಗೆ ಈ ಅಂಕಿ ಗೊತ್ತಿರಲೇಬೇಕು. ಕೆರಾಟಿನ್ ಟ್ರೀಟ್‌ಮೆಂಟ್ ಸೌಮ್ಯ ಅಂತ ಹೇಳುವವರಿಗೂ ಒಂದು ಮಾತು: ಅಂಥ ಹಲವು ಉತ್ಪನ್ನಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಅದಿಲ್ಲ ಅಂತ ಮಾರುವ ಕೆಲವು ಕ್ರೀಂಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅಂಥ ಸ್ಟ್ರೇಟ್ನಿಂಗ್ ಆದಾಗಲೆಲ್ಲ ಕಿಡ್ನಿಗೆ ಪೆಟ್ಟಾದ 26 ವರ್ಷದ ಮಹಿಳೆಯ ಪ್ರಕರಣವನ್ನು 2024ರಲ್ಲಿ ವೈದ್ಯರು ವರದಿ ಮಾಡಿದ್ದಾರೆ.

ದೊಡ್ಡವರು ಇದೆಲ್ಲ ತಿಳಿದೂ ಸ್ಟ್ರೇಟ್ ಮಾಡಿಸಿಕೊಂಡರೆ ನನ್ನ ತಕರಾರಿಲ್ಲ. ಅವರ ತಲೆ, ಅವರ ಇಷ್ಟ. ನನ್ನ ಸಿಟ್ಟು ಇರುವುದು ಎಂಟು ಹತ್ತು ವರ್ಷದ ಮಕ್ಕಳನ್ನು ಆ ಕುರ್ಚಿಯಲ್ಲಿ ಕೂರಿಸುವುದರ ಮೇಲೆ. ಆ ವಯಸ್ಸಿನ ಹುಡುಗಿ ತಾನಾಗಿ ಕೇಳಿದಳು ಅನ್ನಬೇಡಿ. “ಇವಳ ಕೂದಲದ್ದೇ ಒಂದು ಗೋಳು” ಅಂತ ಅವಳ ಎದುರೇ ಎಷ್ಟು ಸಲ ಹೇಳಿದ್ದೇವೆ ಅಂತ ನೆನಪಿಸಿಕೊಳ್ಳಿ.

ಈಗ ಬಿಡಬೇಕು ಅಂದುಕೊಂಡಿರುವವರಿಗೆ ಎರಡು ದಾರಿ. ಒಂದೇ ಸಲ ಗಿಡ್ಡ ಕತ್ತರಿಸಿಬಿಡುವುದು, ಇಲ್ಲವೇ ಬೆಳೆದಷ್ಟು ಬೆಳೆಯಲಿ ಅಂತ ಆಗಾಗ ತುದಿ ತೆಗೆಯುತ್ತಾ ಹೋಗುವುದು. ನಾನು ಎರಡನೆಯದನ್ನು ಆರಿಸಿಕೊಂಡೆ, ಯಾಕೆಂದರೆ ಗಿಡ್ಡ ಕೂದಲು ನನಗೆ ಇಷ್ಟವಿಲ್ಲ. ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ. ಕತ್ತರಿಸಲು ಹೋದಾಗ ಮಾತ್ರ ಗುಂಗುರು ಕೂದಲು ಕತ್ತರಿಸಿ ಗೊತ್ತಿದ್ದವರ ಹತ್ತಿರವೇ ಹೋಗಿ. ಒಣಗಿದ ಕೂದಲಲ್ಲೇ ಕತ್ತರಿಸಿ ಅಂತ ಹೇಳಿ, ಒದ್ದೆಯಲ್ಲಿ ಭುಜಕ್ಕೆ ಬರುವ ಕೂದಲು ಒಣಗಿದ ಮೇಲೆ ಕಿವಿಯ ಹತ್ತಿರ ಹೋಗಿ ಕೂರಬಹುದು. ಅವರು “ಸ್ವಲ್ಪ ಸ್ಮೂದನಿಂಗ್ ಮಾಡಿಬಿಡ್ಲಾ ಮೇಡಂ, ಸೆಟ್ ಆಗುತ್ತೆ” ಅಂದರೆ, ಬೇಡ ಅನ್ನಿ.