ನಕಾಶೆಯ ದಾರಿ ನೆಲದ ಮೇಲೂ ಇರಬೇಕು

ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ ಮಣ್ಣಿನ ದಾರಿಗೂ ಒಗ್ಗುವ ಸೈಕಲ್, ತುಳಿಯುತ್ತೇನೆ ಅಂದರೆ ಊರಿನ ಗೆಳೆಯರು ಮೊದಲು ಕೇಳುವುದು ಸೈಕಲ್ಲಿನ ಬಗ್ಗೆ. ಯಾವ ಕಂಪನಿ, ಎಷ್ಟು ಗೇರು, ಟೈರು ಎಷ್ಟು ಅಗಲ? ಹೇಳುತ್ತೇನೆ. ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಅಗಲದ ಟೈರು, ಏರಿಗೆ ತೀರಾ ಹಗುರವಾದ ಗೇರು ಇದ್ದರೆ ಸಾಕು. ಅವರು ದಾರಿಯ ಬಗ್ಗೆಯೂ ಕೇಳಲಿ ಅಂತ ನನಗೆ ಆಸೆ. ಯಾಕೆಂದರೆ ಎಂಥ ಸೈಕಲ್ ಇದ್ದರೂ ಹಕ್ಕಿನ ದಾರಿ, ಅಂದರೆ ಯಾರು ಬೇಕಾದರೂ ಹೋಗಲು ಹಕ್ಕಿರುವ ದಾರಿ, ಇಲ್ಲದಿದ್ದರೆ ಬೇಲಿಯ ಮುಂದೆ ನಿಲ್ಲಬೇಕಾಗುತ್ತದೆ.

ನಾನಿರುವುದು ಡರ್ಬಿಯಲ್ಲಿ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಪೀಕ್ ಡಿಸ್ಟ್ರಿಕ್ಟ್, 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪ್ರದೇಶ. ಅಲ್ಲಿಯ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್, 636 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ಮಹಾ ಅನ್ನಿಸಬಹುದು. ಸೈಕಲ್ ಮೇಲೆ ಕೂತರೆ ಗೊತ್ತಾಗುತ್ತದೆ. ನಮ್ಮ ಘಾಟಿ ರಸ್ತೆಗಳು ಸುತ್ತಿ ಸುತ್ತಿ ಹತ್ತುತ್ತವೆ. ಚಾರ್ಮಾಡಿಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಇಲ್ಲಿಯ ಹಳ್ಳಿ ರಸ್ತೆಗಳಿಗೆ ಆ ತಾಳ್ಮೆ ಇಲ್ಲ, ಬುಡದಿಂದ ನೆತ್ತಿಗೆ ನೆಟ್ಟಗೆ ಏರಿಬಿಡುತ್ತವೆ. ಕ್ಯಾಸಲ್‌ಟನ್ ಪಕ್ಕದ ವಿನ್ನಟ್ಸ್ ಪಾಸ್‌ನಲ್ಲಿ ಐದಡಿ ಮುಂದೆ ಹೋದರೆ ಒಂದಡಿ ಮೇಲೆ ಹೋಗಿರುತ್ತೇವೆ. ಅದರ ಪಕ್ಕದ ಮಾಮ್ ಟೋರ್ ಗುಡ್ಡದ ಕೆಳಗೆ ಹಳೆಯ ದೊಡ್ಡ ರಸ್ತೆಯೊಂದು ಕುಸಿದು ಬಿದ್ದಿದೆ. ಮತ್ತೆ ಮತ್ತೆ ರಿಪೇರಿ ಮಾಡಿ ಸಾಕಾಗಿ 1979ರಲ್ಲಿ ಅದನ್ನು ವಾಹನಗಳಿಗೆ ಮುಚ್ಚಿದರು. ಒಡೆದ ಡಾಂಬರಿನ ಪದರಗಳ ನಡುವೆ ಸೈಕಲ್ ಇಳಿದು ತಳ್ಳಿಕೊಂಡು ದಾಟಬಹುದು. ಶಿರಾಡಿಯ ಮಳೆಗಾಲ ಕಂಡವರಿಗೆ ಆ ನೋಟ ಹೊಸದೇನಲ್ಲ.

ಹೊಸಬರಿಗೆ ನಾನು ಮೊದಲು ಹೇಳುವುದು ಹಳೆಯ ರೈಲು ದಾರಿಗಳನ್ನು. ಹೈ ಪೀಕ್ ಟ್ರೇಲ್ 17 ಮೈಲಿ, ಟಿಸ್ಸಿಂಗ್ಟನ್ ಟ್ರೇಲ್ 13 ಮೈಲಿ. ಎರಡೂ ಪಾರ್ಸ್ಲಿ ಹೇ ಎಂಬಲ್ಲಿ ಸೇರುತ್ತವೆ. ಹೈ ಪೀಕ್ ಲೈನು 1830ರ ಆಸುಪಾಸಿನದು. ಮಿಡಲ್‌ಟನ್ ಟಾಪ್‌ನಲ್ಲಿ ಉಗಿಯಂತ್ರದ ಮನೆ ಇನ್ನೂ ನಿಂತಿದೆ. ಕಡಿದಾದ ಇಳಿಜಾರಿನಲ್ಲಿ ವ್ಯಾಗನ್ನುಗಳನ್ನು ಕಟ್ಟಿ ಆ ಯಂತ್ರದಿಂದ ಮೇಲೆ ಎಳೆಯುತ್ತಿದ್ದರು. 1967ರಲ್ಲಿ ಲೈನು ಪೂರ್ತಿ ನಿಂತಿತು. ಹಳಿ ಕಿತ್ತರು, ಆದರೆ ಜಾಗವನ್ನು ಪಾಳು ಬಿಡಲಿಲ್ಲ. ಜಲ್ಲಿ ಪುಡಿ ಹಾಸಿ ಜನರಿಗೆ ಬಿಟ್ಟರು. ಇವತ್ತು ಅದರ ಮೇಲೆ ಮಕ್ಕಳು, ಅಜ್ಜಂದಿರು, ಕುದುರೆಗಳು, ನಾವು ಎಲ್ಲರೂ ಹೋಗುತ್ತೇವೆ. ಮಿನ್ನಿಂಗ್‌ಲೋ ಹತ್ತಿರ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಎತ್ತರದ ಒಡ್ಡಿನ ಮೇಲೆ ಹೋಗುವಾಗ ಎರಡೂ ಕಡೆ ಹಸಿರು ಹೊಲ, ಬಿಳಿ ಕಲ್ಲಿನ ಗೋಡೆ. ಒಂದು ಎಚ್ಚರಿಕೆ. ಅಲ್ಲಿಯದು ಸುಣ್ಣಕಲ್ಲಿನ ನೆಲ. ಮಳೆ ಬಂದರೆ ಪುಡಿಯೆಲ್ಲ ಗಾರೆಯ ಹಾಗೆ ಚೈನಿಗೆ ಮೆತ್ತಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೇ ತೊಳೆಯಬೇಕು, ನಾಳೆ ಅಂದರೆ ಕೆಟ್ಟಿತು.

ಪಾರ್ಸ್ಲಿ ಹೇಯಿಂದ ಹಾರ್ಟಿಂಗ್ಟನ್ ಕಡೆ ಇಳಿದು ಹ್ಯೂಮ್ ಎಂಡ್ ತಲುಪಿದರೆ ಮ್ಯಾನಿಫೋಲ್ಡ್ ಕಣಿವೆ. ಅಲ್ಲಿ 1904ರಿಂದ 1934ರವರೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಅದರ ಎಂಜಿನಿಯರ್ ಎವರಾರ್ಡ್ ಕ್ಯಾಲ್ಥ್ರಾಪ್. ಅದಕ್ಕೂ ಮೊದಲು ಸೋಲಾಪುರ ಸೀಮೆಯಲ್ಲಿ ಬಾರ್ಸಿ ಲೈಟ್ ರೈಲ್ವೆ ಕಟ್ಟಿದವನು ಅವನೇ. ಮುಂದೆ ಪಂಢರಪುರಕ್ಕೂ ಲಾತೂರಿಗೂ ಹೋದ ರೈಲು ಅದು. ನಮ್ಮ ಕಡೆಯ ವಿಠಲನ ಭಕ್ತರೂ ಅದರಲ್ಲಿ ಕೂತಿರುತ್ತಾರೆ. ಬಾರ್ಸಿಯಲ್ಲಿ ಕಲಿತದ್ದನ್ನು ಅವನು ಈ ಕಣಿವೆಗೆ ತಂದ. ಎಂಜಿನ್ನುಗಳಿಗೂ ದೊಡ್ಡ ದೀಪವಿಟ್ಟು ಇಂಡಿಯಾದ ರೂಪವನ್ನೇ ಕೊಟ್ಟಿದ್ದರಂತೆ. ಈ ವಿಷಯ ತಿಳಿದ ಮೇಲೆ ಆ ಕಣಿವೆ ನನಗೆ ಪರದೇಶ ಅನ್ನಿಸುವುದು ಕಡಿಮೆಯಾಯಿತು. ರೈಲು ನಿಂತ ಮೂರೇ ವರ್ಷಕ್ಕೆ, 1937ರಲ್ಲಿ, ಅದನ್ನು ನಡೆಯುವ ದಾರಿ ಮಾಡಿದರು.

ರೈಲು ದಾರಿ ಬಿಟ್ಟು ಗುಡ್ಡಕ್ಕೆ ತಿರುಗಿದರೆ ನಿಜವಾದ ವಿಷಯ ಶುರುವಾಗುತ್ತದೆ. ಇಲ್ಲಿ ಹೊಲದ ಮೂಲೆಯ ಕಂಬಗಳ ಮೇಲೆ ಬಣ್ಣದ ಬಾಣಗಳಿರುತ್ತವೆ. ಹಳದಿ ಬಾಣವಿದ್ದರೆ ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿಯಾದರೆ ಬ್ರೈಡಲ್‌ವೇ, ಕುದುರೆಯವರಿಗೂ ಸೈಕಲ್ಲಿಗೂ ಅವಕಾಶ ಉಂಟು. 1968ರ ಕಾಯ್ದೆಯೊಂದು ಸೈಕಲ್ಲಿಗೆ ಈ ಹಕ್ಕು ಕೊಟ್ಟಿತು, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು ಎಂಬ ಷರತ್ತಿನ ಜೊತೆ. ಈ ದಾರಿಗಳಲ್ಲಿ ಹೆಚ್ಚಿನವು ಖಾಸಗಿ ಹೊಲಗಳ ನಡುವೆಯೇ ಹೋಗುತ್ತವೆ. ಹೊಲ ರೈತನದು, ಹೋಗುವ ಹಕ್ಕು ಎಲ್ಲರದು. ಹೊಲದ ನಡುವಿನ ದಾರಿಯನ್ನು ರೈತ ಉತ್ತರೆ 14 ದಿನದೊಳಗೆ ಮತ್ತೆ ಸರಿಮಾಡಿಕೊಡಬೇಕು. ದಾರಿ ಮುಚ್ಚಿದ್ದರೆ ಕೌನ್ಸಿಲಿಗೆ ಬರೆದು ತಿಳಿಸಬಹುದು, ಬಿಡಿಸುವುದು ಅವರ ಕರ್ತವ್ಯ. ನಮ್ಮ ಕಡೆಗೂ ಕರ್ತವ್ಯಗಳಿವೆ. ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಕುದುರೆಯ ಹಿಂದಿನಿಂದ ಬರುವಾಗ ದೂರದಿಂದಲೇ ಕೂಗಿ ಹೇಳಿ, ನಿಧಾನಿಸಿ, ಅಗಲವಾಗಿ ದಾಟಬೇಕು. ಕುರಿ ಮರಿ ಹಾಕುವ ಕಾಲದಲ್ಲಿ ಇನ್ನೂ ಮೆಲ್ಲಗೆ ಹೋಗಬೇಕು.

ಇದೆಲ್ಲ ಸುಮ್ನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ನೂರಾರು ಕೆಲಸಗಾರ ಹುಡುಗ ಹುಡುಗಿಯರು ಕಿಂಡರ್ ಸ್ಕೌಟಿಗೆ ನುಗ್ಗಿ ಹತ್ತಿದರು. ಆಗ ಅದು ಶ್ರೀಮಂತರ ಬೇಟೆಯ ಗುಡ್ಡ. ಐದು ಜನ ಜೈಲಿಗೆ ಹೋದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಅವನು ಅವತ್ತು ಸೈಕಲ್ ತುಳಿದುಕೊಂಡೇ ಬಂದಿದ್ದ. 1949ರ ಕಾಯ್ದೆ ಬಂದ ಮೇಲೆ ಹಕ್ಕಿನ ದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸುವ ಕೆಲಸ ಶುರುವಾಯಿತು.

ಇಂಗ್ಲೆಂಡಿನ ಮೇಲೆ ನನಗೆ ದೂರೂ ಇದೆ. ಹಕ್ಕಿನ ದಾರಿಗಳಲ್ಲಿ ಸೈಕಲ್ಲಿಗೆ ಸಿಗುವುದು ಸುಮಾರು ಐದರಲ್ಲಿ ಒಂದು ಪಾಲು. ಒಳ್ಳೆಯ ನೀಲಿ ದಾರಿಯೊಂದು ಪಂಚಾಯಿತಿಯ ಗಡಿ ಬಂದ ಕೂಡಲೇ ಹಳದಿಯಾಗಿಬಿಡುತ್ತದೆ. ನೆಲ ಅದೇ, ಅಗಲ ಅದೇ. ಹಿಂದೆ ಯಾರೋ ಹಾಗೆ ಬರೆಸಿದ್ದರು ಅಷ್ಟೇ. ನಡೆಯುವವರಿಗೆ 2000ದ ಕಾಯ್ದೆ ಗುಡ್ಡ ಬಯಲುಗಳನ್ನು ತೆರೆದುಕೊಟ್ಟಿತು, ಸೈಕಲ್ಲನ್ನು ಹೊರಗಿಟ್ಟಿತು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ಹೋಗುವ ಸೈಕಲ್ಲಿಗೂ ಆ ಹಕ್ಕು ಇದೆ. ಅಲ್ಲಿ ಗುಡ್ಡಗಳೇನೂ ಹಾಳಾಗಿಲ್ಲ. ಇಂಗ್ಲೆಂಡೂ ಅದನ್ನು ಮಾಡಲೇಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಮ್ಮೂರು ಕೊಪ್ಪದ ಹತ್ತಿರ. ಅಲ್ಲಿ ಬಾಣವೂ ಇಲ್ಲ, ಬಣ್ಣವೂ ಇಲ್ಲ. ತೋಟದ ಒಳದಾರಿ, ಕಾಡಿನ ಬಂಡಿ ಜಾಡು, ಉಣುಗೋಲು (ಬೇಲಿಯ ಬಾಗಿಲಿನ ಅಡ್ಡಗೋಲು) ಸರಿಸಿ ದಾಟುವ ಅಂಚು, ಎಲ್ಲವೂ ಗ್ರಾವೆಲ್ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಗೆಳೆಯರು ಅನ್ನುವುದುಂಟು, "ನಮ್ಮಲ್ಲಿ ಕಾನೂನು ಯಾಕೆ ಬೇಕು ಮಾರಾಯ, ಕೇಳಿದ್ರೆ ಯಾರೂ ಬೇಡ ಅನ್ನಲ್ಲ." ಅದು ನಿಜ. ಕೇಳಿದರೆ ದಾರಿಯ ಜೊತೆ ಮಜ್ಜಿಗೆಯೂ ಸಿಗುತ್ತದೆ. ಆ ಪ್ರೀತಿ ಇಲ್ಲಿಯ ಯಾವ ಬಾಣದಲ್ಲೂ ಇಲ್ಲ. ಆದರೆ ಮಜ್ಜಿಗೆಗೆ ಮೊದಲು ಒಂದು ಪ್ರಶ್ನೆ ಬರುತ್ತದೆ, ಅಲ್ವಾ? "ಯಾವ ಮನೆ? ಯಾರ ಪೈಕಿ?" ನನ್ನ ಉತ್ತರಕ್ಕೆ ಉಣುಗೋಲು ತೆರೆಯುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯಿಂದ ಶಾಲೆಗೆ ಹೋಗುವ ಮಗುವಿನ ಉತ್ತರಕ್ಕೆ ತೆರೆಯುತ್ತದೆಯೇ? ಹೊಲಕ್ಕೆ ಬೇರೆ ದಾರಿಯಿಲ್ಲದ ಬಡ ರೈತನ ಉತ್ತರಕ್ಕೆ? ಡರ್ಬಿಶೈರಿನ ಹೊಲದಲ್ಲಿ ನನ್ನ ಮುಖ ನೋಡಿ ಯಾರ ಪೈಕಿ ಅಂತ ಕೇಳುವ ಅಧಿಕಾರ ಯಾರಿಗೂ ಇಲ್ಲ. ನೀಲಿ ಬಾಣವಿದೆ, ನಾನು ಹೋಗುತ್ತೇನೆ. ಪರವೂರಿನಲ್ಲಿ ಬದುಕುವವನಿಗೆ ಅದರ ಬೆಲೆ ಜಾಸ್ತಿಯೇ ಗೊತ್ತಾಗುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತು ಇದೆ. ನಕಾಶೆ ಕಂಡ ದಾರಿ ಬಿಡಿಸಿಕೊಡಿ ಅಂತ ರೈತರು ತಹಶೀಲ್ದಾರರಿಗೆ ಅರ್ಜಿ ಕೊಡುತ್ತಲೇ ಇರುತ್ತಾರೆ. ಆದರೆ ನೆಲದ ಮೇಲೆ ಒಂದು ಕಂಬವಿಲ್ಲ, ಗುರುತಿಲ್ಲ. ಬೇಲಿ ವರ್ಷಕ್ಕೊಂದು ಮೊಳ ಮುಂದೆ ಬಂದು, ಒಂದು ದಿನ ದಾರಿಯೇ ತೋಟವಾಗಿರುತ್ತದೆ. ಊರಿನ ಪಂಚಾಯಿತಿ ಒಂದೊಂದು ದಾರಿಯ ಎರಡು ತುದಿಗೂ ಒಂದು ಕಲ್ಲು ನೆಟ್ಟರೂ ದೊಡ್ಡ ಕೆಲಸವಾದೀತು. ಸೈಕಲ್ಲಿನವರು ಆ ದಾರಿಗಳಲ್ಲಿ ಓಡಾಡಲಿ, ಬಳಸುವ ದಾರಿಯನ್ನು ಮುಚ್ಚುವುದು ಕಷ್ಟ.

ಈ ಸಲ ಊರಿಗೆ ಬಂದಾಗ ನಮ್ಮ ಗ್ರಾಮದ ನಕ್ಷೆ ಹಿಡಿದು ಹಳೆಯ ಬಂಡಿದಾರಿಯಲ್ಲಿ ಹೋಗಿ ನೋಡಬೇಕು ಅಂತ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ಕೆರೆ ಏರಿವರೆಗೂ ಸರಿಯಿದೆ ಕಣೋ, ಆಮೇಲೆ ಬೇಲಿ" ಅಂದರು. "ಬೇಲಿ ಹಾಕಿದವರ ಹತ್ತಿರ ನಾನು ಮಾತಾಡ್ತೀನಿ. ನೀನು ನಕ್ಷೆ ತಗೊಂಡು ಬಾ."