ಕೊನೆಯ ಕಂತಿನ ದುಡ್ಡು ಮೊದಲೇ ಎತ್ತಿಡಿ

ನಮ್ಮ ವೆಬ್ ಸರಣಿಯ ನಾಲ್ಕನೇ ಕಂತು ಎಂಟು ತಿಂಗಳು ಹಾರ್ಡ್ ಡಿಸ್ಕ್‌ನಲ್ಲೇ ಕೂತಿತ್ತು. ಶೂಟಿಂಗ್ ಮುಗಿದಿತ್ತು. ನಟನೆ ಚೆನ್ನಾಗಿ ಬಂದಿತ್ತು. ಆದರೆ ಸೌಂಡ್ ಸರಿ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಮೊದಲ ಮೂರು ಕಂತು ನೋಡಿದ್ದ ಒಬ್ಬರು ಪ್ರತಿ ಶುಕ್ರವಾರ ಬಂದು "ನಾಲ್ಕನೇದು ಯಾವಾಗ?" ಅಂತ ಕಾಮೆಂಟ್ ಹಾಕುತ್ತಿದ್ದರು. ಮೊದಮೊದಲು ಉತ್ತರ ಕೊಟ್ಟೆವು. ಮುಂದಿನ ವಾರ ಅಂದೆವು, ಮುಂದಿನ ತಿಂಗಳು ಅಂದೆವು. ಆಮೇಲೆ ಒಂದು ಶುಕ್ರವಾರ ಅವರ ಕಾಮೆಂಟ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವತ್ತು ಆದಷ್ಟು ಬೇಜಾರು ನನಗೆ ಯಾವ ಕೆಟ್ಟ ವಿಮರ್ಶೆ ಓದಿದಾಗಲೂ ಆಗಿಲ್ಲ.

ಸ್ವಂತವಾಗಿ ಒಂದು ಸರಣಿ ಮಾಡಬೇಕು ಅಂತ ಆಸೆ ಇಟ್ಟುಕೊಂಡವರು ಆಗಾಗ ನನಗೆ ಮೆಸೇಜ್ ಮಾಡುತ್ತಾರೆ. ಹೆಚ್ಚಿನವರು ಕೇಳುವುದು ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಇಷ್ಟೇ: ಕೊನೆಯ ಕಂತಿನ ದುಡ್ಡು ಎಲ್ಲಿದೆ?

ಶುರು ಮಾಡುವುದು ಕಷ್ಟವಲ್ಲ. ಹುಮ್ಮಸ್ಸು ಇರುತ್ತದೆ, ಗೆಳೆಯರು ಇರುತ್ತಾರೆ, ಯಾರದ್ದೋ ಮನೆ ಲೊಕೇಶನ್‌ಗೆ ಸಿಗುತ್ತದೆ, ಫೋನ್‌ನಲ್ಲೇ ಒಳ್ಳೆ ಕ್ಯಾಮೆರಾ ಇದೆ. ಮೊದಲ ಎರಡು ಕಂತು ಈ ಹುಮ್ಮಸ್ಸಿನ ಮೇಲೆಯೇ ಓಡುತ್ತವೆ. ಮೂರನೇದರ ಹೊತ್ತಿಗೆ ಎಡಿಟರ್‌ಗೆ ಸಂಬಳ ಬರುವ ಬೇರೆ ಕೆಲಸ ಸಿಗುತ್ತದೆ. ನಾಯಕನ ಪಾತ್ರ ಮಾಡಿದವನು ಇನ್ನೊಂದು ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡು ಬರುತ್ತಾನೆ. ನಮಗೆ ಎರಡೂ ಆಯಿತು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಬಿಟ್ಟಿ ದುಡಿಸಿಕೊಂಡ ಮೇಲೆ ಅವರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಮಗೆಲ್ಲಿಂದ ಬರಬೇಕು?

ಆ ಎಂಟು ತಿಂಗಳಲ್ಲಿ ಲೆಕ್ಕ ತೆಗೆದು ನೋಡಿದೆ. ನಮ್ಮ ಉಳಿತಾಯದ ಮುಕ್ಕಾಲು ಪಾಲು ಶೂಟಿಂಗ್ ದಿನಗಳಿಗೇ ಹೋಗಿತ್ತು. ಲೆನ್ಸ್ ಬಾಡಿಗೆ, ಲೈಟ್ ಬಾಡಿಗೆ, ಓಡಾಟ, ಊಟ. ಎಡಿಟಿಂಗ್, ಸೌಂಡ್, ಕಲರ್, ಸಂಗೀತ, ಸಬ್‌ಟೈಟಲ್, ಪೋಸ್ಟರ್ ಎಲ್ಲಕ್ಕೂ ಸೇರಿ ಬಜೆಟ್ ಶೀಟ್‌ನಲ್ಲಿ ಒಂದೇ ಸಾಲು. ಅದರಲ್ಲಿ "ಆಮೇಲೆ ನೋಡೋಣ" ಅಂತ ಬರೆದಿದ್ದೆವು. ಆ ಒಂದು ಸಾಲು ನಮ್ಮನ್ನು ಎಂಟು ತಿಂಗಳು ಕೂರಿಸಿತು.

ಸೌಂಡ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ನಾವು ಎಡವಿದ್ದು ಅಲ್ಲೇ. ಚಿತ್ರ ಸ್ವಲ್ಪ ಮಂಕಾಗಿದ್ದರೆ ನೋಡುವವರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ನಾಲ್ಕನೇ ಕಂತಿನ ದೊಡ್ಡ ದೃಶ್ಯವನ್ನು ಒಂದು ಅಡುಗೆಮನೆಯಲ್ಲಿ ತೆಗೆದಿದ್ದೆವು. ಅಕ್ಕ ತಂಗಿ ಏಳು ನಿಮಿಷ ಜಗಳ ಆಡುವ ದೃಶ್ಯ. ಎಡಿಟಿಂಗ್‌ಗೆ ಕೂತು ಹೆಡ್‌ಫೋನ್ ಹಾಕಿಕೊಂಡರೆ ಮಾತಿನ ಅಡಿಯಲ್ಲಿ ಫ್ರಿಜ್‌ನ ಗುಂಯ್ ಅನ್ನೋ ಸದ್ದು. ಸದ್ದು ಒಂದೇ ಸಮ ಇದ್ದಿದ್ದರೆ ತೆಗೆಯುವುದು ಸುಲಭವಿತ್ತು. ಫ್ರಿಜ್ ನಡುನಡುವೆ ನಿಂತು ಮತ್ತೆ ಶುರುವಾಗುತ್ತದಲ್ಲ, ಹಾಗಾಗಿ ಅಕ್ಕ ಮಾತಾಡುವ ಶಾಟ್‌ನಲ್ಲಿ ಸದ್ದು ಇದೆ, ತಂಗಿಯದರಲ್ಲಿ ಇಲ್ಲ. ಪ್ರತಿ ಕಟ್‌ಗೂ ಆ ಗುಂಯ್ ಬರುತ್ತದೆ, ಹೋಗುತ್ತದೆ. ಅಕ್ಕನ ಕಣ್ಣಲ್ಲಿ ನೀರು ತುಂಬುವ ಜಾಗದಲ್ಲಿ ನಮಗೆ ಫ್ರಿಜ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಆಮೇಲೆ ಅನುಭವ ಇರುವ ಒಬ್ಬ ಸೌಂಡ್ ರೆಕಾರ್ಡಿಸ್ಟ್ ಒಂದು ವಿಷಯ ಕಲಿಸಿದರು. ಶೂಟಿಂಗ್‌ಗೆ ಮೊದಲು ಫ್ರಿಜ್ ಆಫ್ ಮಾಡಿ, ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಕೀಲಿ ಇಲ್ಲದೆ ಮನೆಗೆ ಹೋಗಲು ಆಗಲ್ಲ, ಹಾಗಾಗಿ ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯಲ್ಲ, ಮನೆಯವರ ಹಾಲು ತರಕಾರಿಯೂ ಕೆಡಲ್ಲ. ಇನ್ನೊಂದು, ಪ್ರತಿ ಜಾಗದಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಅರ್ಧ ನಿಮಿಷ ಸುಮ್ನೆ ಮೌನವನ್ನು ರೆಕಾರ್ಡ್ ಮಾಡಿ. ರೂಮ್ ಟೋನ್ ಅಂತಾರೆ ಅದಕ್ಕೆ. ಕಟ್‌ಗಳ ನಡುವಿನ ಬಿರುಕನ್ನು ಅದೇ ಮುಚ್ಚುತ್ತದೆ. ಈ ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ. ಸೌಂಡ್ ಕೆಲಸ ಗೊತ್ತಿರುವ ಒಬ್ಬರನ್ನು ದುಡ್ಡು ಕೊಟ್ಟು ಸೆಟ್‌ಗೆ ಕರೆಸಿದ್ದರೆ ಆ ಏಳು ನಿಮಿಷವನ್ನು ಪೂರ್ತಿ ಡಬ್ಬಿಂಗ್ ಮಾಡುವ ಗತಿ ನಮಗೆ ಬರುತ್ತಿರಲಿಲ್ಲ.

ಹಾಗಾದರೆ ದುಡ್ಡು ಎಲ್ಲಿಂದ ತರಬೇಕು? ಜಾಹೀರಾತಿನಿಂದ ಬರುತ್ತದೆ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ಮೂಲಕ ಇನ್ನೊಂದು ದಾರಿ ಇದೆ, 90 ದಿನದಲ್ಲಿ 1 ಕೋಟಿ ವ್ಯೂಸ್. 4,000 ಗಂಟೆ ಅಂದರೆ 2,40,000 ನಿಮಿಷ. ಹತ್ತು ನಿಮಿಷದ ಕಂತನ್ನು ಮೊದಲಿಂದ ಕೊನೆವರೆಗೆ 24,000 ಸಲ ನೋಡಿರಬೇಕು. ಜನ ಎಲ್ಲಿ ಹಾಗೆ ಪೂರ್ತಿ ನೋಡುತ್ತಾರೆ? ಅರ್ಧಕ್ಕೆ ಬಿಟ್ಟರೆ ಅದರ ಎರಡರಷ್ಟು ವ್ಯೂಸ್ ಬೇಕು. ಅಷ್ಟಾದ ಮೇಲೂ ಅಲ್ಲಿಂದ ಗಳಿಕೆ ಶುರುವಾಗುತ್ತದೆ ಅಷ್ಟೆ. ಕಂತಿನಂಥ ಮಾಮೂಲಿ ವಿಡಿಯೊಗೆ ಬರುವ ಜಾಹೀರಾತಿನ ಹಣದಲ್ಲಿ 55 ಪರ್ಸೆಂಟ್ ನಿಮಗೆ, 45 ಯೂಟ್ಯೂಬ್‌ಗೆ. ದಿನಾ ವಿಡಿಯೊ ಹಾಕುವವರಿಗೆ ಈ ಲೆಕ್ಕ ಕೂಡಿ ಬರಬಹುದು. ವರ್ಷಕ್ಕೆ ಆರು ಕಂತು ಮಾಡುವವರಿಗೆ ಜಾಹೀರಾತಿನ ದುಡ್ಡು ಕೈಗೆ ಬರುವ ಹೊತ್ತಿಗೆ ಸೀಸನ್ ಮುಗಿದಿರುತ್ತದೆ, ಇಲ್ಲವೇ ನಿಂತೇ ಹೋಗಿರುತ್ತದೆ.

ನಾನು ನಂಬಿರುವುದು ನೋಡುವವರನ್ನೇ ಕೇಳುವುದು. ನೇರವಾಗಿ, ನಾಚಿಕೆ ಇಲ್ಲದೆ, ಪೂರ್ತಿ ಲೆಕ್ಕ ಮುಂದಿಟ್ಟು.

ಇದು ಹೊಸ ದಾರಿಯೇನಲ್ಲ. 2007ರಲ್ಲಿ ಅಮೆರಿಕದ ನಟಿ ಫೆಲಿಷಿಯಾ ಡೇ 'ದಿ ಗಿಲ್ಡ್' ಅನ್ನೋ ಸರಣಿ ಶುರು ಮಾಡಿದರು. ಟಿವಿಗೆ ಅಂತ ಬರೆದಿದ್ದ ಕಥೆಯನ್ನು ಚಿಕ್ಕ ಚಿಕ್ಕ ಕಂತು ಮಾಡಿ ಇಂಟರ್ನೆಟ್‌ಗೆ ತಂದರು. ಮೊದಲ ಕಂತುಗಳಿಗೆ ತಂಡದ ಸ್ವಂತ ದುಡ್ಡು. ಅದು ಮುಗಿದಾಗ ಸೈಟ್‌ನಲ್ಲಿ ಆನ್‌ಲೈನ್‌ನಲ್ಲಿ ದುಡ್ಡು ಕಳಿಸುವ ಪೇಪಾಲ್ ಬಟನ್ ಇಟ್ಟು ನೋಡುವವರನ್ನು ಕೇಳಿದರು. ಮೊದಲ ಸೀಸನ್‌ನ ಉಳಿದ ಭಾಗ ಆ ದುಡ್ಡಿನಿಂದಲೇ ಆಯಿತು. ಎರಡನೇ ಸೀಸನ್‌ಗೆ ಮೈಕ್ರೋಸಾಫ್ಟ್ ಬಂತು, ಆದರೆ ಸರಣಿಯ ಒಡೆತನ ಡೇ ಅವರ ಕೈಯಲ್ಲೇ ಉಳಿಯಿತು. ಇಂಥ ಕೆಲಸಗಳಿಗೆ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಸೈಟ್ ಆಗ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 2009ರಲ್ಲಿ. 2011ರಲ್ಲಿ ಅಮೆರಿಕದವರೇ ಆದ ನಟಿ, ಬರಹಗಾರ್ತಿ ಇಸಾ ರೇ ತಮ್ಮ 'ಆಕ್ವರ್ಡ್ ಬ್ಲ್ಯಾಕ್ ಗರ್ಲ್' ಸರಣಿಯ ಕೆಲವು ಕಂತುಗಳನ್ನು ಯೂಟ್ಯೂಬ್‌ನಲ್ಲಿ ತೋರಿಸಿ, ಉಳಿದದ್ದನ್ನು ಮುಗಿಸಲು ಕಿಕ್‌ಸ್ಟಾರ್ಟರ್‌ನಲ್ಲಿ 30,000 ಡಾಲರ್ ಕೇಳಿದರು. 56,000ಕ್ಕೂ ಜಾಸ್ತಿ ಬಂತು.

ಇಬ್ಬರೂ ಕೆಲವು ಕಂತು ತೋರಿಸಿ ಆಮೇಲೆ ಕೇಳಿದರು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಅದೇ. ಕಥೆಯಲ್ಲಿ ಮುಂದೇನಾಯ್ತು ಅಂತ ಒದ್ದಾಡುತ್ತಿರುವವರು ಜೇಬಿಗೆ ಕೈ ಹಾಕುತ್ತಾರೆ. ಬರೀ ಟೀಸರ್ ನೋಡಿದವರು ಲೈಕ್ ಒತ್ತಿ ಮುಂದೆ ಹೋಗುತ್ತಾರೆ.

ಕೊಟ್ಟವರು ಮತ್ತೆ ಕೊಡುತ್ತಾರಾ ಅಂತ ಅನುಮಾನ ಬರಬಹುದು. 'ವಿಡಿಯೊ ಗೇಮ್ ಹೈಸ್ಕೂಲ್' ಸರಣಿಯವರು ಮೊದಲ ಸೀಸನ್‌ಗೆ 75,000 ಡಾಲರ್ ಕೇಳಿದ್ದರು, 2,73,000ಕ್ಕೂ ಮೀರಿ ಬಂತು. ಎರಡನೇ ಸೀಸನ್‌ಗೆ ಅದು 8 ಲಕ್ಷ ದಾಟಿತು. ಹೇಳಿದ ಕೆಲಸ ಮುಗಿಸಿ ತೋರಿಸಿದ್ದರು, ಜನ ಎರಡನೇ ಸಲ ಇನ್ನೂ ಧಾರಾಳವಾಗಿ ಕೊಟ್ಟರು.

ನಾವು ಕೇಳಿದಾಗ ಏನಾಯ್ತು ಹೇಳುತ್ತೇನೆ. ಹನಿ ಹನಿ ಕೂಡಿದರೆ ಹಳ್ಳ ಅಂತ ಧೈರ್ಯ ಮಾಡಿ ಜನರಿಂದ ದುಡ್ಡು ಕೂಡಿಸುವ ಒಂದು ಸೈಟ್‌ನಲ್ಲಿ 30 ದಿನದ ಕ್ಯಾಂಪೇನ್ ಹಾಕಿದೆವು. ಆದರೆ ಸಂಕೋಚ ನೋಡಿ, ಬೇಕಾಗಿದ್ದ ದುಡ್ಡಿನ ಅರ್ಧ ಮಾತ್ರ ಕೇಳಿದೆವು. ಪೂರ್ತಿ ಕೇಳಿದರೆ ಜನ ಏನಂದುಕೊಳ್ಳುತ್ತಾರೋ ಅನ್ನೋ ಭಯ. ಕೇಳಿದ್ದಷ್ಟು ಬಂತು. ಅವತ್ತು ರಾತ್ರಿ ಎಲ್ಲರೂ ಕುಣಿದಾಡಿದೆವು. ಬೆಳಿಗ್ಗೆ ಕೂತು ಲೆಕ್ಕ ಹಾಕಿದರೆ ಎದೆ ಧಸಕ್ಕೆಂದಿತು.

ಇಂಥ ಸೈಟ್‌ಗಳು ಕಮಿಷನ್ ಹಿಡಿಯುತ್ತವೆ. ಕಿಕ್‌ಸ್ಟಾರ್ಟರ್ ಆದರೆ 5 ಪರ್ಸೆಂಟ್ ಅದಕ್ಕೆ, ಅದರ ಮೇಲೆ ಹಣ ವರ್ಗಾವಣೆಯ ಶುಲ್ಕ ಬೇರೆ. ಕೇಳಿದ ಮೊತ್ತ ಪೂರ್ತಿ ಕೂಡದಿದ್ದರೆ ಅಲ್ಲಿ ಒಂದು ಡಾಲರ್ ಕೂಡ ಕೈಗೆ ಬರಲ್ಲ. ನಾವು ಹೋದ ಸೈಟ್‌ನಲ್ಲೂ ಕಮಿಷನ್ ಇತ್ತು. ಅದು ಗೊತ್ತಿದ್ದ ಖರ್ಚು. ಗೊತ್ತಿಲ್ಲದೆ ನುಂಗಿದ್ದು ಟೀ ಶರ್ಟ್. ಇಷ್ಟು ಕೊಟ್ಟವರಿಗೆ ಟೀ ಶರ್ಟ್ ಅಂತ ಬರೆದುಬಿಟ್ಟಿದ್ದೆವು. ಹೊಲಿಸುವುದು, ಪ್ರಿಂಟ್ ಹಾಕಿಸುವುದು, ಅಳತೆ ಕೇಳುವುದು, ಪ್ಯಾಕ್ ಮಾಡುವುದು, ದೂರದೂರಿಗೆ ಕಳಿಸುವ ಅಂಚೆ ಖರ್ಚು. ಸೌಂಡ್ ಮಿಕ್ಸಿಂಗ್‌ಗೆ ಅಂತ ಜನ ಕೊಟ್ಟ ದುಡ್ಡಿನಲ್ಲಿ ನಾವು ಎರಡು ವಾರ ಡಬ್ಬಗಳಿಗೆ ಟೇಪ್ ಅಂಟಿಸುತ್ತಾ ಕೂತಿದ್ದೆವು. ಇವತ್ತು ಯಾರಾದರೂ ಕೇಳಿದರೆ ಹೇಳುತ್ತೇನೆ, ಕಳಿಸಲು ಖರ್ಚಾಗದ್ದನ್ನೇ ಕೊಡಿ. ಕಂತನ್ನು ಎರಡು ದಿನ ಮೊದಲು ತೋರಿಸಿ. ಸ್ಕ್ರಿಪ್ಟ್ ಕಳಿಸಿ. ಕೊನೆಯಲ್ಲಿ ಅವರ ಹೆಸರು ಹಾಕಿ. ಕೊಟ್ಟವರಿಗೆ ಬೇಕಾಗಿದ್ದದ್ದು ಕಥೆಯ ಮುಂದಿನ ಭಾಗ.

ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುವ ವ್ಯವಸ್ಥೆಯೂ ಇದೆ, 2013ರಲ್ಲಿ ಶುರುವಾದ ಪೇಟ್ರಿಯಾನ್ ಥರದ್ದು. ಬಿಡದೆ ಏನಾದರೂ ಹಾಕುತ್ತಲೇ ಇರುವವರಿಗೆ ಅದು ಸರಿ. ಆರು ತಿಂಗಳು ಬರೆದು ಒಂದು ತಿಂಗಳು ಶೂಟ್ ಮಾಡುವ ನಮ್ಮಂಥವರು ನಡುವಿನ ತಿಂಗಳುಗಳಲ್ಲಿ ಏನು ಕೊಡುವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಸ್ಪಾನ್ಸರ್ ಸಿಕ್ಕರೆ ಬೇಡ ಅನ್ನಬೇಡಿ. ಒಪ್ಪಂದವನ್ನು ಮಾತ್ರ ಕೂತು ಓದಿ. ಪಾತ್ರಗಳು ಯಾರ ಸ್ವತ್ತು, ಮುಂದಿನ ಸೀಸನ್ ಮಾಡುವ ಹಕ್ಕು ಯಾರದ್ದು, ಅವರು ಕೈಬಿಟ್ಟರೆ ಹಳೆಯ ಕಂತುಗಳು ಎಲ್ಲಿರುತ್ತವೆ, ಈ ಮೂರಕ್ಕೂ ಬರಹದಲ್ಲಿ ಉತ್ತರ ಇರಬೇಕು. ನಮಗೆ ಒಬ್ಬರು ಪೂರ್ತಿ ಸೀಸನ್‌ನ ಖರ್ಚು ಕೊಡುತ್ತೇವೆ ಅಂದಿದ್ದರು. ಒಪ್ಪಂದದ ಒಂಬತ್ತನೇ ಪುಟದಲ್ಲಿ ಅಕ್ಕ ತಂಗಿ ಇಬ್ಬರೂ ಎಂದೆಂದಿಗೂ ಅವರದ್ದು ಅಂತ ಇತ್ತು. ಆ ಪಾತ್ರಗಳನ್ನು ಬರೆದ ಗೆಳತಿ ಆ ಪುಟ ಓದಿ, ಏನೂ ಮಾತಾಡದೆ, ಹಾಳೆಗಳನ್ನು ಸರಿ ಜೋಡಿಸಿ ಟೇಬಲ್ ಮೇಲಿಟ್ಟಳು. ನಾವ್ಯಾರೂ ಸಹಿ ಹಾಕಲಿಲ್ಲ. ದುಡ್ಡಿಲ್ಲದ ಆ ದಿನಗಳಲ್ಲೂ ಅದು ಸರಿಯಾದ ನಿರ್ಧಾರ ಅಂತಲೇ ಅನ್ನಿಸಿತ್ತು, ಇವತ್ತಿಗೂ ಅನ್ನಿಸುತ್ತದೆ.

ಇನ್ನು ಕೆಲಸ ಮಾಡಿದವರಿಗೆ ಕೊಡುವ ವಿಷಯ. "ಬಜೆಟ್ ಇಲ್ಲ, ಆದರೆ ಒಳ್ಳೆ ಹೆಸರು ಬರುತ್ತೆ" ಅಂತ ಕರೆಯುವುದನ್ನು ದಯವಿಟ್ಟು ಬಿಡೋಣ. ಕಮ್ಮಿ ಕೊಡಿ, ಆದರೆ ಎಲ್ಲರಿಗೂ ಕೊಡಿ. ಎಷ್ಟು ಅಂತ ಮೊದಲೇ ಹೇಳಿ, ಬರೆದು ಕೊಡಿ. ಅಷ್ಟೂ ಆಗದಿದ್ದರೆ ಕಂತುಗಳನ್ನು ಕಮ್ಮಿ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಎಂಟು ಕಂತಿನ ಕಥೆಯಲ್ಲಿ ಮೂರು ತೋರಿಸಿ ನಿಲ್ಲಿಸುವುದಕ್ಕಿಂತ, ಮೂರೇ ಕಂತಿನ ಕಥೆ ಬರೆದು ಮೂರನ್ನೂ ಮುಗಿಸಿದರೆ ಅದು ಪೂರ್ತಿ ಕೆಲಸ. ಅದನ್ನು ತೋರಿಸಿ ಮುಂದಿನದಕ್ಕೆ ದುಡ್ಡು ಕೇಳಬಹುದು. ಅರ್ಧಕ್ಕೆ ನಿಂತದ್ದನ್ನು ತೋರಿಸಿ ಏನಂತ ಕೇಳುವುದು?

ನಾವು ಕೊನೆಗೂ ಆರು ಕಂತು ಮುಗಿಸಿದೆವು. ಕ್ಯಾಂಪೇನ್‌ನಲ್ಲಿ ಕೊಟ್ಟವರಿಗೆ ಮತ್ತೆ ಬರೆದೆವು, ತಪ್ಪು ಲೆಕ್ಕ ಹಾಕಿದ್ದೆವು ಅಂತ ಒಪ್ಪಿಕೊಂಡು, ಯಾವುದಕ್ಕೆ ಎಷ್ಟು ಹೋಯಿತು ಅನ್ನುವ ಶೀಟ್ ಜೊತೆಗೇ ಕಳಿಸಿದೆವು. ಬೈಗುಳ ಬರುತ್ತದೆ ಅಂತ ಕಾದಿದ್ದೆವು. ಒಬ್ಬರು ಮಾತ್ರ ದುಡ್ಡು ವಾಪಸ್ ಕೇಳಿದರು, ಕೊಟ್ಟೆವು. ಸುಮಾರು ಜನ ಇನ್ನಷ್ಟು ಕಳಿಸಿದರು. ಆರನೇ ಕಂತಿನ ಕೊನೆಯಲ್ಲಿ ಅವರ ಹೆಸರುಗಳು ಒಂದೂವರೆ ನಿಮಿಷ ಓಡುತ್ತವೆ. ಆ ಒಂದೂವರೆ ನಿಮಿಷವನ್ನು ಒಂದು ಸೆಕೆಂಡ್ ಕೂಡ ಕತ್ತರಿಸಲು ನಾನು ಬಿಡಲಿಲ್ಲ.

ಈಗ ಎರಡನೇ ಸೀಸನ್‌ಗೆ ಶೀಟ್ ತೆರೆದಿದ್ದೇವೆ. ಈ ಸಲ ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದೇವೆ. ಮೊದಲ ಸಾಲು ಆರನೇ ಕಂತಿನ ಸೌಂಡ್ ಮಿಕ್ಸ್. ಎರಡನೇದು ಸಬ್‌ಟೈಟಲ್. ಕ್ಯಾಮೆರಾ ಬಾಡಿಗೆ ಹದಿನಾಲ್ಕನೇ ಸಾಲಿನಲ್ಲಿದೆ. ನಿಮ್ಮಲ್ಲಿ ಯಾರಾದರೂ ಸರಣಿಗೆ ಲೆಕ್ಕ ಹಾಕುತ್ತಾ ಕೂತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಹಳೇ ಶೀಟ್, ಹೊಸ ಶೀಟ್ ಎರಡನ್ನೂ ಕಳಿಸುತ್ತೇನೆ.