ಸಂಶಯಾಸ್ಪದ ವಹಿವಾಟು: ಸಣ್ಣ ಬ್ಯಾಂಕಿನಲ್ಲಿ ಕೊನೆಯ ಮಾತು ಸಿಬ್ಬಂದಿಯದ್ದೇ ಆಗಬೇಕೇ?

ಯಾವುದಾದರೂ ವಹಿವಾಟು ಸಂಶಯಾಸ್ಪದ ಎಂದು ಬ್ಯಾಂಕಿನ ತಂತ್ರಾಂಶ ಎಚ್ಚರಿಕೆ (ಅಲರ್ಟ್) ಕೊಟ್ಟಾಗ, ಅದನ್ನು ಸಹಜವೆಂದು ಮುಚ್ಚುವ ತೀರ್ಮಾನ ಶಾಖೆಯವರದ್ದೇ ಆಗಬೇಕೇ ಎಂಬುದು ಇಲ್ಲಿನ ಚರ್ಚೆ.

ಪರ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮಲ್ಪೆಯ ಬೋಟು ಮಾಲೀಕರ ಖಾತೆಯಲ್ಲಿ ಬಲೆ ರಿಪೇರಿ, ಎಂಜಿನ್ ಕೆಲಸ ಎಂದು ಖರ್ಚೇ ಹೊರತು ಜಮೆಯಿಲ್ಲ. ಆಗಸ್ಟಿನಲ್ಲಿ ಬೋಟು ಕಡಲಿಗಿಳಿದು ಒಳ್ಳೆಯ ಮೀನು ಸಿಕ್ಕಿತೆಂದರೆ ಹರಾಜಿನ ನಗದು ಲಕ್ಷಗಟ್ಟಲೆ ಬರುತ್ತದೆ. ಡೀಸೆಲ್, ಐಸ್, ಬೋಟಿನ ಕೆಲಸದವರ ಪಾಲು ಎಂದು ಮರುದಿನವೇ ಹೋಗುತ್ತದೆ. ಮಲಗಿದ್ದ ಖಾತೆಗೆ ದಿಢೀರ್ ಹಣ, ಕೂಡಲೇ ಖಾಲಿ. ಅಕ್ರಮ ಹಣದ ಲಕ್ಷಣವೂ ಇದೇ ಆದ್ದರಿಂದ ತಂತ್ರಾಂಶ ಅಲರ್ಟ್ ಕೊಡುತ್ತದೆ. ಶಾಖೆಯ ಅಧಿಕಾರಿ ಹರಾಜಿನ ಚೀಟಿ ಕೇಳಿ, ಕಳೆದ ಆಗಸ್ಟಿನ ಲೆಕ್ಕವನ್ನೊಮ್ಮೆ ತೆರೆದು ನೋಡಿದರೆ ವಿಷಯ ಅಲ್ಲಿಗೇ ಮುಗಿಯಿತು.

ತಿಂಗಳಲ್ಲಿ 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರದ ವರದಿಯನ್ನು ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ ಕಳುಹಿಸುವುದು ಬರೀ ಲೆಕ್ಕದ ಕೆಲಸ, ಅದನ್ನು ಯಂತ್ರ ಮಾಡಲಿ. ಆದರೆ ಸಂಶಯದ ವರದಿಗೆ ಮೊತ್ತದ ಮಿತಿಯೇ ಇಲ್ಲ. ಸಂಶಯ ಪಡುವುದಕ್ಕೆ ಜನ ಬೇಕು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾದ ಊರು ಉಡುಪಿ. ಯಾವ ಅಂಗಡಿಯಲ್ಲಿ ದಿನಕ್ಕೆ ಎಷ್ಟು ವ್ಯಾಪಾರವಾದೀತು ಎಂಬುದು ಬಾಗಿಲಿಗೆ ಬರುವ ಪಿಗ್ಮಿ ಏಜೆಂಟರಿಗೆ ಗೊತ್ತಿರುತ್ತದೆ.

ವಿರೋಧ

ಆ ಪರಿಚಯವೇ ತೊಡಕು. ಸಾಲ ವಸೂಲಿ, ಚಿನ್ನದ ಸಾಲ, ಲೆಕ್ಕಪರಿಶೋಧನೆ ಎಲ್ಲವೂ ಒಬ್ಬರದೇ ತಲೆಯ ಮೇಲಿರುವಾಗ ಅಲರ್ಟ್ ನೋಡಲು ಸಿಗುವುದು ಊಟದ ನಂತರದ ಅರ್ಧ ಗಂಟೆ. ‘ಗ್ರಾಹಕರು ಪರಿಚಿತರು, ವ್ಯವಹಾರ ಸಹಜ’ ಎಂದು ಮೊದಲ ಸಾಲಿಗೆ ಷರಾ ಬರೆದು ಕೆಳಗಿನ ಸಾಲುಗಳಿಗೆಲ್ಲ ಅದನ್ನೇ ಅಂಟಿಸಿದರೆ ಪಟ್ಟಿ ಖಾಲಿ. ಇದನ್ನು ಪರಿಶೀಲನೆ ಎನ್ನಬಹುದೇ?

ಗ್ರಾಹಕನ ಮೇಲೆ ವರದಿ ಹೋದದ್ದನ್ನು ಅವನಿಗೆ ತಿಳಿಸುವಂತಿಲ್ಲ ಎನ್ನುತ್ತದೆ ನಿಯಮ. ಸಂಜೆ ಅದೇ ಗ್ರಾಹಕ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಬಾಯಿ ಬಿಡದಿರಬಹುದು, ನಿಜ. ಆದರೆ ಅಂಥವರ ಮೇಲೆ ವರದಿ ಬರೆಯಲು ಕೈ ಏಳುವುದೇ ಕಷ್ಟ.

ದೊಡ್ಡ ಮೊತ್ತದ ನಗದನ್ನು ಒಮ್ಮೆಲೇ ಕಟ್ಟಿದರೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಒಬ್ಬ ಮಂಗಳೂರಿನ ಹಂಪನಕಟ್ಟೆಯಲ್ಲಿ 49,000, ಮರುದಿನ ಸುರತ್ಕಲ್‌ನಲ್ಲಿ 49,000 ಕಟ್ಟುತ್ತಾನೆ ಎನ್ನಿ. ಎರಡೂ ಕಡೆಯ ಕ್ಯಾಷಿಯರ್ ಕಣ್ಣಿಗೆ ಅದು ಸಣ್ಣ ಮೊತ್ತ; ಕೂಡಿಸಿ ನೋಡುವುದು ಯಂತ್ರ ಮಾತ್ರ. ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟ ಖಾತೆಗಳ ಕಥೆ ಇನ್ನೂ ಕೆಟ್ಟದ್ದು. ವಂಚನೆಯ ಹಣ ರಾತ್ರಿ ಬಂದು ನಿಮಿಷಗಳಲ್ಲಿ ನಾಲ್ಕಾರು ಖಾತೆಗೆ ಹಂಚಿಹೋಗುತ್ತದೆ. ಹತ್ತು ಗಂಟೆಗೆ ಬಾಗಿಲು ತೆರೆಯುವ ಶಾಖೆ ಅದನ್ನು ತಡೆಯುವುದು ಹೇಗೆ?

ಮಲ್ಪೆಯ ಉದಾಹರಣೆಯನ್ನು ನಾನು ತಳ್ಳಿಹಾಕುವುದಿಲ್ಲ; ಈ ವಾದದಲ್ಲಿ ಪರ ಪಕ್ಷದ ಗಟ್ಟಿ ಅಂಶ ಅದೊಂದೇ. ಶಾಖೆಯವರು ತಮಗೆ ಗೊತ್ತಿದ್ದನ್ನು ಬರೆಯಲಿ, ಚೀಟಿಯ ಪ್ರತಿ ಲಗತ್ತಿಸಲಿ. ಅಲರ್ಟ್ ಮುಚ್ಚುವ ಅಧಿಕಾರ ಮಾತ್ರ ಆ ಗ್ರಾಹಕನ ಮುಖವನ್ನೇ ನೋಡದ ಪ್ರಧಾನ ಕಚೇರಿಯ ಅಧಿಕಾರಿಗಿರಲಿ.